ಸೋಮವಾರವೇ: ‘ಓನ್ಲಿ’ಯೂ ನಮ್ಮ ಏಕಾರವೂ

(ಹೆಮ್ಮಿಗೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚಿನ ರೂಪ)



34 ವರ್ಷ ಇಂಗ್ಲಿಷ್ ಪಾಠ ಹೇಳಿದವನು ನಾನು. ಈ ಉಪನ್ಯಾಸಕ್ಕೆ ಕರೆದಾಗ ವಿಷಯವನ್ನು ನನಗೇ ಬಿಟ್ಟರು. ದೊಡ್ಡ ದೊಡ್ಡ ವಿಷಯಗಳೆಲ್ಲ ಮನಸ್ಸಿಗೆ ಬಂದವು. ಕೊನೆಗೆ ಉಳಿದದ್ದು ಒಂದು ಸಣ್ಣ ಮಾತು. ಇಂಗ್ಲಿಷಿನವರು ಕ್ರಿಯಾವಿಶೇಷಣ ಎಂದು ಹೆಸರಿಟ್ಟಿರುವ ‘ಓನ್ಲಿ’. ಅದನ್ನು ಇಲ್ಲೇ, ಈ ಊರಲ್ಲೇ ಮಾತಾಡಬೇಕೆಂದು ನನಗೆ ಅನ್ನಿಸಿದ್ದಕ್ಕೆ ಕಾರಣವಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಆಗಷ್ಟೇ ಬಿ.ಎ. ಮುಗಿಸಿ ಊರಿಗೆ ಬಂದಿದ್ದೆ. ಆ ಮಳೆಗಾಲ ಮೇಲಿನಿಂದ ನೀರು ಬಿಟ್ಟಿದ್ದರು. ನಿಮಗೆ ಗೊತ್ತು, ನಂಜನಗೂಡಿನ ಕಡೆಯಿಂದ ಬರುವ ಕಪಿಲೆಯನ್ನು ತಿರುಮಕೂಡಲಿನಲ್ಲಿ ಕೂಡಿಕೊಂಡೇ ಕಾವೇರಿ ಇಲ್ಲಿಗೆ ಬರುತ್ತಾಳೆ. ಹಾಗಾಗಿ ನಮ್ಮ ಪಾಲಿಗೆ ಬರುವುದು ಎರಡು ನದಿಗಳ ನೀರು. ಶನಿವಾರ ರಾತ್ರಿ ನಮ್ಮ ಪಕ್ಕದ ಮನೆಯ ದೊಡ್ಡಪ್ಪನ ಗದ್ದೆಗೆ ನೀರು ನುಗ್ಗಿತು. ರಕ್ತಸಂಬಂಧದ ದೊಡ್ಡಪ್ಪನಲ್ಲ, ಬೀದಿಯ ಹುಡುಗರಿಗೆಲ್ಲ ಅವರು ದೊಡ್ಡಪ್ಪನೇ. ಪರಿಹಾರ ಕೊಡುವ ಕಚೇರಿಗೆ ಭಾನುವಾರ ರಜೆ. ಸೋಮವಾರ ಬೆಳಗ್ಗೆ ಕಚೇರಿಯ ಬಾಗಿಲು ತೆಗೆಯುವ ಹೊತ್ತಿಗೇ ಅವರು ಹೋಗಿ ನಿಂತಿದ್ದರು, ವಿಷಯ ತಿಳಿಸಿ ಬಂದಿದ್ದರು. ವಾರ ಕಳೆದ ಮೇಲೆ ಬರವಣಿಗೆಯಲ್ಲಿ ಕೊಡಿ ಎಂದರು. ಅಲ್ಲಿಗೆ ಬಂದಿದ್ದ ಹೊಸ ಅಧಿಕಾರಿಗೆ ಕನ್ನಡ ಬಾರದು, ಇಂಗ್ಲಿಷಿನಲ್ಲಿದ್ದರೆ ಬೇಗ ಆಗುತ್ತದೆ ಎಂದು ಯಾರೋ ಹೇಳಿದರು. ದೊಡ್ಡಪ್ಪ ನನ್ನ ಹತ್ತಿರ ಬಂದರು. ಜಗಲಿಯ ಮೇಲೆ ಕೂತು ಒಂದೊಂದೇ ಮಾತು ಹೇಳಿದರು, ನಾನು ಬರೆದುಕೊಂಡೆ.

“ಸೋಮಾರವೇಯ ಯೋಳಿದ್ದೀವಿ ಅಂತ ಬರಿ, ಮಗ. ಆ ‘ವೇ’ ಬುಡಬ್ಯಾಡ.”

ನಾನು ಬಿಡಲಿಲ್ಲ. ‘ವಿ ಇನ್ಫಾರ್ಮ್ಡ್ ಆನ್ ಮಂಡೇ ಓನ್ಲಿ’ ಎಂದು ಬರೆದೆ. ‘ಓನ್ಲಿ’ಯ ಕೆಳಗೆ ಒಂದು ಗೆರೆಯನ್ನೂ ಎಳೆದೆ.

ಅರ್ಜಿ ವಾಪಸು ಬಂತು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಒಂದು ಪ್ರಶ್ನೆ: ಇಷ್ಟು ತಡವಾಗಿ ಏಕೆ ತಿಳಿಸಿದಿರಿ? ದೊಡ್ಡಪ್ಪ ಹೇಳಿದ್ದು ‘ತಡಮಾಡದೆ ಸೋಮವಾರವೇ ಹೇಳಿದೆವು’ ಎಂದು. ಆ ಅಧಿಕಾರಿ ಓದಿಕೊಂಡದ್ದು ‘ಸೋಮವಾರದವರೆಗೂ ಸುಮ್ಮನಿದ್ದು ಆಮೇಲಷ್ಟೇ ಹೇಳಿದೆವು’ ಎಂದು. ಒಂದೇ ಮಾತಿಗೆ ಎರಡು ಅರ್ಥ, ಅದೂ ಒಂದಕ್ಕೊಂದು ತಿರುಗುಮುರುಗು. ಅದನ್ನು ಸರಿಪಡಿಸಲು ಎಷ್ಟೋ ಸಲ ಬಸ್ಸು ಹತ್ತಬೇಕಾಯಿತು. ಪರಿಹಾರ ಕೈಗೆ ಬರುವ ಹೊತ್ತಿಗೆ ಮುಂದಿನ ನಾಟಿಯೇ ಮುಗಿದಿತ್ತು, ಬಿತ್ತನೆ ಭತ್ತಕ್ಕೆ ದೊಡ್ಡಪ್ಪ ಬಡ್ಡಿಗೆ ದುಡ್ಡು ತಂದಾಗಿತ್ತು. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಕೇಳಿದ್ದು ಇಷ್ಟೇ: “ವೇ ಅಂತ ಬರದಿದ್ಯಲ್ಲ, ಮಗ? ಮತ್ತೆ ಅವ್ರು ಹಿಂಗ್ಯಾಕೆ ಓದ್ಕಂಡ್ರು?”

ಅವತ್ತು ನನ್ನ ಹತ್ತಿರ ಉತ್ತರವಿರಲಿಲ್ಲ. ಪಾಠ ಹೇಳುತ್ತಾ ಹೇಳುತ್ತಾ ಉತ್ತರ ತುಣುಕು ತುಣುಕಾಗಿ ಸಿಕ್ಕಿತು. ಇವತ್ತು ಅವುಗಳನ್ನು ಜೋಡಿಸಿ ನಿಮ್ಮ ಮುಂದಿಡುತ್ತೇನೆ.

ಮೊದಲು ಆ ಇಂಗ್ಲಿಷ್ ಪದದ ಹುಟ್ಟು ನೋಡೋಣ. ಹಳೆಯ ಇಂಗ್ಲಿಷಿನಲ್ಲಿ ಅದು ‘ಆನ್‌ಲಿಚ್’. ‘ಆನ್’ ಎಂದರೆ ಒಂದು, ಇವತ್ತಿನ ‘ಒನ್’. ‘ಲಿಚ್’ ಎಂದರೆ ಬಗೆ, ರೂಪ. ಒಂದೇ ಬಗೆಯದು, ಸಾಟಿಯಿಲ್ಲದ್ದು ಎನ್ನುವುದು ಮೂಲದ ಅರ್ಥ. ಹೀಗಾಗಿ ಅದಕ್ಕೆ ನಮ್ಮಲ್ಲಿ ತೀರ ಹತ್ತಿರದ ಮಾತು ‘ಒಂದೇ’. ಒಂದು, ಅದಕ್ಕೊಂದು ಏ. ನಮ್ಮ ಹಿಂದಿನವರು ಏಕಾರಕ್ಕೆ ಇಂಗ್ಲಿಷ್ ಮಾತು ಹುಡುಕುವಾಗ ‘ಓನ್ಲಿ’ಗೆ ಕೈಹಾಕಿದ್ದರಲ್ಲಿ ಆಶ್ಚರ್ಯವಿಲ್ಲ. ‘ಒಬ್ಬನೇ ಮಗ’ ಎನ್ನುವಾಗ ಎರಡೂ ಪದಗಳು ಅಳತೆ ಹಿಡಿದು ಹೊಲಿದ ಹಾಗೆ ಕೂರುತ್ತವೆ.

ಆದರೆ ಇಂಗ್ಲಿಷಿನವರ ಮನೆಯಲ್ಲೂ ಈ ಪದ ನೆಮ್ಮದಿಯಾಗಿರಲಿಲ್ಲ. ಅದು ಒಂಟಿಯಾಗಿ ಓಡಾಡುವ ಪದ. ವಾಕ್ಯದಲ್ಲಿ ಎಲ್ಲಿ ಬೇಕಾದರೂ ನಿಲ್ಲುತ್ತದೆ. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೋತ್, ಮುಂದೆ ಲಂಡನ್ನಿನ ಬಿಷಪ್ ಆದವರು, ಈ ಪದ ತಾನು ಕಟ್ಟಿಹಾಕುವ ಮಾತಿನ ಪಕ್ಕದಲ್ಲೇ ಇರಬೇಕು, ಜನ ಅದನ್ನು ಕ್ರಿಯಾಪದಕ್ಕೆ ಮೊದಲೇ ತಂದಿಟ್ಟು ಕೆಡಿಸುತ್ತಿದ್ದಾರೆ ಎಂದು ಆಕ್ಷೇಪಿಸಿದರು. ಅಲ್ಲಿಂದ ಮುಂದೆ ತಲೆಮಾರುಗಟ್ಟಲೆ ಮೇಷ್ಟ್ರುಗಳು ಆ ಆಕ್ಷೇಪವನ್ನು ಹಿಡಿದು ಕೆಂಪು ಶಾಯಿ ಸುರಿಸಿದರು. 1926ರಲ್ಲಿ ಫೌಲರ್ ತಮ್ಮ ಇಂಗ್ಲಿಷ್ ಬಳಕೆಯ ನಿಘಂಟಿನಲ್ಲಿ ಉಲ್ಟಾ ವಾದ ಹೂಡಿದರು. ಅರ್ಥ ಕೆಡದಿರುವ ಕಡೆ ಆ ಪದ ತನ್ನ ರೂಢಿಯ ಜಾಗದಲ್ಲೇ ಇರಲಿ, ಜನರ ಮಾತಿನ ಓಟವನ್ನು ಕಟ್ಟಬೇಡಿ ಎಂದರು. ನನಗೆ ಫೌಲರ್ ಮಾತೇ ಸರಿ ಅನ್ನಿಸುತ್ತದೆ. ಆ ಜಗಳ ಇನ್ನೂ ಪೂರ್ತಿ ಆರಿಲ್ಲ.

ಈ ಜಗಳ ನಮ್ಮಲ್ಲಿ ಹುಟ್ಟಲು ಸಾಧ್ಯವೇ ಇರಲಿಲ್ಲ. ಏಕೆಂದರೆ ನಮ್ಮ ಏಕಾರ ಒಂಟಿಯಾಗಿ ನಿಲ್ಲುವುದಿಲ್ಲ. ಅದು ತನಗೆ ಬೇಕಾದ ಮಾತಿನ ಬೆನ್ನಿಗೇ ಅಂಟಿಕೊಳ್ಳುತ್ತದೆ. ಮಕ್ಕಳೇ, ನೀವು ಸಂಧಿ ಓದಿದ್ದೀರಿ. ನೀನು, ಏ: ನೀನೇ. ಮನೆ, ಏ: ಮನೆಯೇ. ಗುರು, ಏ: ಗುರುವೇ. ಒಂದು ಕಡೆ ಲೋಪ, ಒಂದು ಕಡೆ ಯಕಾರ, ಒಂದು ಕಡೆ ವಕಾರ. ಹೇಗಾದರೂ ಸರಿ, ಅಂಟಿಕೊಂಡೇ ತೀರುತ್ತದೆ. ಈಗ ಈ ವಾಕ್ಯ ನೋಡಿ. ನಾನು ಹಸುವಿಗೆ ಹುಲ್ಲು ಹಾಕಿದೆ. ನಾನೇ ಹಸುವಿಗೆ ಹುಲ್ಲು ಹಾಕಿದೆ, ಬೇರೆ ಯಾರೂ ಅಲ್ಲ. ನಾನು ಹಸುವಿಗೇ ಹುಲ್ಲು ಹಾಕಿದೆ, ಎಮ್ಮೆಗಲ್ಲ. ನಾನು ಹಸುವಿಗೆ ಹುಲ್ಲೇ ಹಾಕಿದೆ, ಹಿಂಡಿಯಲ್ಲ. ನಾನು ಹಸುವಿಗೆ ಹುಲ್ಲು ಹಾಕೇ ಹಾಕಿದೆ, ಇಲ್ಲವೆಂದು ಯಾರು ಹೇಳಿದರೂ ನಂಬಬೇಡಿ. ಹಾಕಲೇ ಇಲ್ಲ ಎಂದರೆ ಇನ್ನೊಂದು ಕಥೆ. ಪದಗಳ ಜಾಗ ಬದಲಾಗಲಿಲ್ಲ, ಅಂಟು ಮಾತ್ರ ಬದಲಾಯಿತು. ಹಟ್ಟಿಯಲ್ಲಿ ನಿಂತ ಎಂಟು ವರ್ಷದ ಹುಡುಗಿಯೂ ಇದರಲ್ಲಿ ತಪ್ಪುವುದಿಲ್ಲ.

ನಮ್ಮ ವೈಯಾಕರಣರು ಇದನ್ನು ಅವಧಾರಣೆ ಎಂದರು. ಹಲವುಗಳಲ್ಲಿ ಒಂದನ್ನು ನಿಶ್ಚಯಿಸಿ ಹೇಳುವುದು. 13ನೇ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಅವ್ಯಯಗಳಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಶಾಲೆಯ ವ್ಯಾಕರಣದಲ್ಲಿ ಇವತ್ತಿಗೂ ‘ಅವಧಾರಣಾರ್ಥಕಾವ್ಯಯ’ ಎಂದು ಒಂದು ಸಾಲು ಬರುತ್ತದೆ, ಮಕ್ಕಳು ಉರು ಹೊಡೆಯುತ್ತಾರೆ, ಮುಂದಿನ ಪಾಠಕ್ಕೆ ಹೋಗುತ್ತಾರೆ. ಆ ಒಂದು ಸಾಲಿನಲ್ಲಿ ಎಷ್ಟು ಬದುಕಿದೆ ಎಂದು ನಾವು ಮೇಷ್ಟ್ರುಗಳು ತೋರಿಸಲಿಲ್ಲ. ಅದು ನನ್ನ ವೃತ್ತಿಯವರೆಲ್ಲರ ಮೇಲೆ ನನಗಿರುವ ದೂರು.

ಏಕೆಂದರೆ ‘ನಿಶ್ಚಯಿಸಿ ಹೇಳುವುದು’ ಎಂದರೆ ‘ಉಳಿದದ್ದನ್ನು ಹೊರಗಿಡುವುದು’ ಎಂದಷ್ಟೇ ಅಲ್ಲ. ಗೋಜಲು ಹುಟ್ಟುವುದು ಇಲ್ಲೇ. ಬಾಗಿಲು ತಟ್ಟಿದವರಿಗೆ ‘ಯಾರು?’ ಎಂದರೆ ‘ನಾನೇ’ ಎನ್ನುತ್ತೇವೆ. ಅಲ್ಲಿ ‘ನಾನೊಬ್ಬನೇ’ ಎಂಬ ಅರ್ಥವಿಲ್ಲ. ನಿಮಗೆ ಗುರುತಿರುವ ನಾನು ಎಂಬ ಸಲಿಗೆಯಿದೆ. ‘ನಾನೇ ಬರ್ತೀನಿ ಬಿಡಿ’ ಎಂದರೆ ನೀವು ತೊಂದರೆ ತಗೋಬೇಡಿ ಎಂಬ ಮರ್ಯಾದೆಯಿದೆ. ‘ಇದು ನನ್ನದೇ’ ಎಂದರೆ ಹಕ್ಕಿದೆ. ‘ಅವನು ಮಾತೇ ಆಡಲಿಲ್ಲ’ ಎಂದರೆ ನೋವಿದೆ. ನೀವು ಆಡುವ ಗಾದೆಯೊಂದನ್ನೇ ತೆಗೆದುಕೊಳ್ಳಿ: ಬೇಲಿಯೇ ಎದ್ದು ಹೊಲ ಮೇಯ್ದಂತೆ. ಇದನ್ನು ‘ಓನ್ಲಿ ದಿ ಫೆನ್ಸ್’ ಎಂದು ಇಂಗ್ಲಿಷಿಗೆ ಹಾಕಿದರೆ, ಹೊಲ ಮೇಯ್ದದ್ದು ಬೇಲಿ ಮಾತ್ರ, ದನಕರು ಯಾವುದೂ ಬರಲಿಲ್ಲ ಎಂದಾಗುತ್ತದೆ. ಗಾದೆಯ ಜೀವವೇ ಹೋಯಿತು. ಅಲ್ಲಿರುವ ಏಕಾರ ಲೆಕ್ಕ ಹೇಳುತ್ತಿಲ್ಲ. ಕಾಯಬೇಕಾಗಿದ್ದದ್ದೇ ಹೀಗೆ ಮಾಡಿತಲ್ಲ ಎಂದು ಹೊಟ್ಟೆ ಉರಿದು ಕೇಳುತ್ತಿದೆ. ಇಂಗ್ಲಿಷಿನವನಾದರೆ ಅಲ್ಲಿ ‘ದಿ ವೆರಿ ಫೆನ್ಸ್’ ಎನ್ನಬೇಕಾಗುತ್ತದೆ.

ಹೊತ್ತಿನ ವಿಷಯಕ್ಕೆ ಬಂದರೆ ಇದು ಇನ್ನೂ ಸೂಕ್ಷ್ಮ. ‘ನಿನ್ನೆಯೇ ಬಂದ’ ಎಂದರೆ ನಾವು ಅಂದುಕೊಂಡದ್ದಕ್ಕಿಂತ ಮುಂಚೆ ಬಂದ. ‘ನಿನ್ನೆ ತಾನೇ ಬಂದ’, ‘ನಿನ್ನೆಯಷ್ಟೇ ಬಂದ’ ಎಂದರೆ ಬಂದು ಇನ್ನೂ ಹೆಚ್ಚು ಹೊತ್ತಾಗಿಲ್ಲ. ಬರೀ ಏಕಾರ ಗಡಿಯಾರದ ಮುಳ್ಳನ್ನು ಹಿಂದಕ್ಕೆ ಒಯ್ಯುತ್ತದೆ. ‘ಅಷ್ಟೇ’ಯೂ ‘ತಾನೇ’ಯೂ ಮುಂದಕ್ಕೆ ತರುತ್ತವೆ. ಇಂಗ್ಲಿಷಿನ ‘ಓನ್ಲಿ’ ಹೊತ್ತಿನ ಜೊತೆ ಸೇರಿದಾಗ ಈ ಎರಡನೆಯ ಕೆಲಸವನ್ನು ಮಾತ್ರ ಮಾಡುತ್ತದೆ. ದೊಡ್ಡಪ್ಪನ ‘ಸೋಮಾರವೇ’ ಮೊದಲನೆಯದು. ನಾನು ಬರೆದ ‘ಮಂಡೇ ಓನ್ಲಿ’ ಓದುವವನ ಕಣ್ಣಿಗೆ ಎರಡನೆಯದು. ಗದ್ದೆಯಿಂದ ಕಚೇರಿಗೆ ಹೋಗುವಷ್ಟರಲ್ಲಿ ಒಬ್ಬ ರೈತನ ಎಚ್ಚರ ಅವನ ಅಸಡ್ಡೆಯಾಗಿ ಹೋಯಿತು.

ನಮ್ಮವರಿಗೆ ಈ ಇಕ್ಕಟ್ಟು ತಿಳಿಯದೇ ಏನೂ ಇರಲಿಲ್ಲ ಎಂದು ನನ್ನ ನಂಬಿಕೆ. ಅದಕ್ಕೇ ಅವರು ಏಕಾರವನ್ನು ಎರಡು ಇಂಗ್ಲಿಷ್ ಪದಗಳಿಗೆ ಹಂಚಿದರು. ‘ಇವತ್ತೇ’ ಎನ್ನುವುದಕ್ಕೆ ‘ಟುಡೇ ಇಟ್‌ಸೆಲ್ಫ್’. ‘ಈಗಲೇ’ ಎನ್ನುವುದಕ್ಕೆ ‘ನೌ ಇಟ್‌ಸೆಲ್ಫ್’. ‘ಇಲ್ಲೇ ಇದೀನಿ’ ಎನ್ನುವುದಕ್ಕೆ ‘ಹಿಯರ್ ಓನ್ಲಿ’. ಮೈಸೂರಿನ ಯಾವ ಕಚೇರಿಗೆ ಹೋದರೂ, ಯಾವ ಮದುವೆ ಮನೆಗೆ ಹೋದರೂ ಇವು ಕಿವಿಗೆ ಬೀಳುತ್ತವೆ. ಆಡುವವರು ಡಾಕ್ಟರು, ಎಂಜಿನಿಯರು, ಪ್ರಾಧ್ಯಾಪಕರು. ಅವರು ಇಂಗ್ಲಿಷ್ ಬಾರದವರಲ್ಲ. ಇಂಗ್ಲಿಷಿನಲ್ಲಿ ಏಕಾರಕ್ಕೆ ಮನೆಯಿಲ್ಲ, ಅವರು ಸಿಕ್ಕ ಜಾಗದಲ್ಲಿ ಒಂದು ಚಪ್ಪರ ಹಾಕಿಕೊಂಡಿದ್ದಾರೆ.

ಈ ಚಪ್ಪರ ಕನ್ನಡಿಗರೊಬ್ಬರದೇ ಅಲ್ಲ. ತಮಿಳರು, ತೆಲುಗರು ನಮ್ಮ ಹಾಗೇ ಏಕಾರದವರು. ಹಿಂದಿಯವರಿಗೆ ‘ಹೀ’ ಇದೆ, ಮರಾಠಿಯವರಿಗೆ ‘ಚ’ ಇದೆ. ಅವರೆಲ್ಲರ ಇಂಗ್ಲಿಷಿನಲ್ಲೂ ಈ ‘ಓನ್ಲಿ’ ಬೆನ್ನಿಗೆ ಅಂಟಿಕೊಂಡೇ ಬರುತ್ತದೆ. ಭಾಷಾವಿಜ್ಞಾನಿಗಳಲ್ಲಿ ರಾಕೇಶ್ ಭಟ್ 2000ದಲ್ಲಿ, ಜರ್ಮನಿಯ ಕ್ಲಾಡಿಯಾ ಲಾಂಗೆ 2007ರಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಇದು ಬೇಕಾಬಿಟ್ಟಿ ತಪ್ಪಲ್ಲ, ಮಾತಿನ ಒತ್ತು ಎಲ್ಲಿದೆ ಎಂದು ತೋರಿಸುವ, ತನ್ನದೇ ನಿಯಮವಿರುವ ಬಳಕೆ ಎನ್ನುವುದು ಅಂಥ ಅಧ್ಯಯನಗಳಿಂದ ತಿಳಿಯುತ್ತದೆ. ಅದನ್ನು ಓದಿದ ದಿನ ನನಗೆ ದೊಡ್ಡಪ್ಪನ ಮುಖ ನೆನಪಾಯಿತು. ಅವರಿಗೆ ಈ ಮಾತು ಹೇಳಲು ಅವರು ಉಳಿದಿರಲಿಲ್ಲ.

ಈಗ ಕನ್ನಡದ ಕಡೆಗೆ ತಿರುಗೋಣ. ಅತ್ತಲಿಂದ ಇತ್ತಲೂ ಒಂದು ಹರಿವಿದೆ. ಇಂಗ್ಲಿಷಿನ ‘ಓನ್ಲಿ’ ಅನುವಾದದ ಮೂಲಕ ನಮ್ಮ ಪತ್ರಿಕೆ, ಫಲಕ, ಸುತ್ತೋಲೆಗಳಿಗೆ ಬಂದಾಗ ಅದಕ್ಕೆ ನಾವು ಕೊಟ್ಟ ಹೆಸರು ‘ಮಾತ್ರ’. ಬಸ್ಸಿನಲ್ಲಿ ‘ಮಹಿಳೆಯರಿಗೆ ಮಾತ್ರ’. ಚೆಕ್ಕಿನಲ್ಲಿ ‘ಒಂದು ಸಾವಿರ ರೂಪಾಯಿ ಮಾತ್ರ’, ಮುಂದೆ ಯಾರೂ ಏನೂ ಸೇರಿಸದಿರಲಿ ಎಂದು ಹಾಕುವ ಬೇಲಿ. ಅಲ್ಲೆಲ್ಲ ಸರಿಯೇ. ‘ಮಾತ್ರ’ ಸಂಸ್ಕೃತದಿಂದ ಬಂದದ್ದು, ಅಳತೆ ಎಂಬುದು ಅದರ ಬೇರು. ಆದರೆ ಕನ್ನಡದ ಬಾಯಲ್ಲಿ ಅದು ಇನ್ನೊಂದು ಕೆಲಸವನ್ನೂ ಕಲಿತಿದೆ. ‘ನಾನು ಮಾತ್ರ ಬರಲ್ಲ’ ಎಂದು ಮುನಿಸಿಕೊಂಡ ಮಗಳು ಹೇಳಿದರೆ, ಬಾರದಿರುವವಳು ಅವಳೊಬ್ಬಳೇ ಎಂದು ಲೆಕ್ಕ ಹಾಕಬೇಕಾಗಿಲ್ಲ. ಬೇರೆಯವರ ಮಾತು ಬೇರೆ, ನನ್ನ ಮಾತು ಇದು ಎಂದು ಅವಳು ಹೇಳುತ್ತಿದ್ದಾಳೆ.

‘ಕೇವಲ’ ಇನ್ನೂ ದೂರ ಹೋಗಿದೆ. ಸಂಸ್ಕೃತದಲ್ಲಿ ಶುದ್ಧವಾದದ್ದು, ಬೇರೇನೂ ಬೆರೆಯದ್ದು ಎಂಬ ಎತ್ತರದ ಅರ್ಥವಿದ್ದ ಪದ. ನಮ್ಮಲ್ಲಿ ‘ಕೇವಲವಾಗಿ ನೋಡಿದ’ ಎಂದರೆ ಕೀಳಾಗಿ ಕಂಡ ಎಂದು. ಇಂಥ ಪದವನ್ನು ‘ಕೇವಲ ನೂರು ರೂಪಾಯಿ ಮಾತ್ರ’ ಎಂದು ಇನ್ನೊಂದರ ಜೊತೆ ಕಟ್ಟುವಾಗ ನನಗೆ ಕಸಿವಿಸಿಯಾಗುತ್ತದೆ. ಎರಡರಲ್ಲಿ ಒಂದು ಸಾಕು. ‘ನೂರೇ ರೂಪಾಯಿ’ ಎಂದರೆ ಅದಕ್ಕಿಂತಲೂ ಚೆನ್ನ. ಸಂತೆಯಲ್ಲಿ ಕೂಗುವ ಹೆಂಗಸು ಹಾಗೇ ಕೂಗುತ್ತಾಳೆ.

ಇನ್ನು ನನಗೆ ತುಂಬ ಪ್ರಿಯವಾದದ್ದು ‘ಬರೀ’. ಬರಿದು ಎನ್ನುವುದರ ಮನೆತನದ್ದು. ಬರಿಗೈ, ಬರಿಗಾಲು, ಬರಿಹೊಟ್ಟೆ. ‘ಬರೀ ಮುದ್ದೆ ಉಂಡೆ’ ಎಂದಾಗ ಉಂಡದ್ದು ಮುದ್ದೆ ಮಾತ್ರ ಎಂಬ ಲೆಕ್ಕದ ಜೊತೆಗೆ, ಸಾರು ಇರಲಿಲ್ಲ ಎಂಬ ಬಡತನವೂ ಕೇಳಿಸುತ್ತದೆ. ‘ಮುದ್ದೆಯನ್ನೇ ಉಂಡೆ’ ಎಂದು ಹೇಳಿ ನೋಡಿ, ಅಲ್ಲಿ ಬಡತನವಿಲ್ಲ, ಆಯ್ಕೆಯಿದೆ, ಅನ್ನ ಇತ್ತು, ನಾನು ಮುದ್ದೆ ಬೇಕೆಂದೆ. ‘ಮುದ್ದೆ ಉಂಡೆ, ಅಷ್ಟೇ’ ಎಂದರೆ ಊಟದ ಮಾತು ಅಲ್ಲಿಗೆ ಮುಗಿಯಿತು, ಇನ್ನು ಕೇಳಬೇಡ. ಇಂಗ್ಲಿಷಿನ ಒಂದು ‘ಓನ್ಲಿ’ ಈ ಮೂರು ಊಟಗಳನ್ನೂ ಒಂದೇ ತಟ್ಟೆಗೆ ಹಾಕುತ್ತದೆ.

ಡಿ.ಎನ್. ಶಂಕರ ಭಟ್ಟರು 2000ದಲ್ಲಿ ಪ್ರಕಟಿಸಿದ ಪುಸ್ತಕದ ಹೆಸರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’. ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನು ಎರಕ ಹೊಯ್ದರೆ ಅದರ ಸ್ವಭಾವ ಕಾಣುವುದಿಲ್ಲ ಎಂಬುದು ಅವರ ವಾದ. 1604ರಲ್ಲಿ ಭಟ್ಟಾಕಳಂಕ ಕನ್ನಡದ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲೇ ಬರೆದ ನಾಡು ನಮ್ಮದು, ಹಾಗಾಗಿ ಈ ವಾದಕ್ಕೆ ಬಲವಾದ ಕಾರಣವಿತ್ತು. ಅವರ ಎಲ್ಲ ತೀರ್ಮಾನಗಳನ್ನೂ ನಾನು ಒಪ್ಪಿದವನಲ್ಲ. ಮಹಾಪ್ರಾಣಗಳನ್ನು ಬರವಣಿಗೆಯಿಂದ ಬಿಡುವ ಮಾತು ನನಗೆ ಒಗ್ಗಲಿಲ್ಲ. ಆದರೆ ಆ ಹೆಸರನ್ನು ಮತ್ತೊಮ್ಮೆ ಕೇಳಿ. ಕನ್ನಡದ್ದೇ. ಇಡೀ ಪುಸ್ತಕದ ಹಟ ಆ ಒಂದು ಸ್ವರದಲ್ಲಿದೆ. ಏಕಾರ ತೆಗೆದರೆ ‘ಕನ್ನಡಕ್ಕೆ ಬೇಕು ಕನ್ನಡದ ವ್ಯಾಕರಣ’ ಎಂಬ ಸಪ್ಪೆ ಮಾತು ಉಳಿಯುತ್ತದೆ. ಇಂಗ್ಲಿಷಿಗೆ ತರುವಾಗ ಅಲ್ಲಿ ‘ಓನ್ಲಿ’ ನಡೆಯುವುದಿಲ್ಲ, ‘ಓನ್’ ಎಂಬ ಬೇರೆ ಪದಕ್ಕೇ ಹೋಗಬೇಕು, ಸ್ವಂತದ್ದು ಎಂಬರ್ಥದ್ದು.

ಬರಹದ ಕನ್ನಡದಲ್ಲಿ ಏಕಾರ ಒಂದೇ ಸ್ವರ. ನಮ್ಮ ಸೀಮೆಯ ಬಾಯಲ್ಲಿ ಅದು ಇನ್ನಷ್ಟು ಎಳೆದುಕೊಳ್ಳುತ್ತದೆ. ಅಲ್ಲೇಯ, ಈಗಲೇಯ, ಒಂದೇಯ. ಕೊನೆಯ ಆ ‘ಯ’ಕ್ಕೆ ವ್ಯಾಕರಣದಲ್ಲಿ ಹೆಸರಿಲ್ಲದಿದ್ದರೂ ಅಂಗಳದಲ್ಲಿ ಕೆಲಸವಿದೆ. ಕೇಳುವವನ ಹೆಗಲ ಮೇಲೆ ಕೈಯಿಟ್ಟ ಹಾಗೆ ಅದು. ನಂಜನಗೂಡು ತಾಲ್ಲೂಕಿನ ದೇವನೂರಿನ ಮಹಾದೇವ ಅವರು 1984ರಲ್ಲಿ ‘ಕುಸುಮಬಾಲೆ’ ಕಾದಂಬರಿಯನ್ನು ಈ ಸೀಮೆಯ ಆಡುಮಾತಿನಲ್ಲೇ ಬರೆದರು. ಓದುವುದು ಕಷ್ಟ ಎಂದು ಬೇರೆ ಕಡೆಯ ಕನ್ನಡಿಗರೇ ಹೇಳಿದ್ದುಂಟು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನನಗೆ ಅದನ್ನು ಓದುವಾಗ ಕಷ್ಟವಾಗಲಿಲ್ಲ. ನಮ್ಮ ಜಗಲಿಯ ಮೇಲೆ ಕೂತು ಕೇಳಿದ ಹಾಗಿತ್ತು. ಸೂಸನ್ ಡೇನಿಯಲ್ ಅದನ್ನು ಇಂಗ್ಲಿಷಿಗೆ ತಂದಿದ್ದಾರೆ. ಆ ಕೆಲಸದ ಕಷ್ಟವನ್ನು ಅರ್ಜಿಯೊಂದರ ಒಂದೇ ಏಕಾರದಲ್ಲಿ ಸೋತವನು ನಾನು ಚೆನ್ನಾಗಿ ಬಲ್ಲೆ.

ಹಾಸನದ ರಾಜಾ ರಾವ್ 1938ರ ‘ಕಾಂತಾಪುರ’ದಲ್ಲಿ ಕನ್ನಡದ ಹಳ್ಳಿಯ ಮಾತಿನ ಓಟವನ್ನು ಇಂಗ್ಲಿಷಿಗೆ ಕೂರಿಸಿದರು, ಜಗತ್ತು ಅದನ್ನು ಮೆಚ್ಚಿತು. ಕಾದಂಬರಿಕಾರನಿಗೆ ಆ ಸ್ವಾತಂತ್ರ್ಯ ಉಂಟು. ಅರ್ಜಿ ಬರೆಯುವ ರೈತನಿಗೆ ಇಲ್ಲ. ಓದುವವನು ಅವನನ್ನು ಮೆಚ್ಚಲು ಕೂತಿರುವುದಿಲ್ಲ.

ಹಾಗಾದರೆ ನಮ್ಮ ಮಕ್ಕಳಿಗೆ ಏನು ಹೇಳಿಕೊಡಬೇಕು? ನಾನು ಮೇಷ್ಟ್ರಾದ ಮೊದಲ ವರ್ಷಗಳಲ್ಲಿ ಮಕ್ಕಳ ಇಂಗ್ಲಿಷಿನಲ್ಲಿ ಈ ‘ಓನ್ಲಿ’ ಕಂಡ ಕಡೆಯೆಲ್ಲ ಕೆಂಪು ಗೆರೆ ಎಳೆಯುತ್ತಿದ್ದೆ. ನನಗೆ ಆದ ಗಾಯವನ್ನು ಅವರ ಮೇಲೆ ತೀರಿಸಿಕೊಳ್ಳುತ್ತಿದ್ದೆ ಎಂದು ಈಗ ಅನ್ನಿಸುತ್ತದೆ. ಒಂದು ದಿನ ಒಬ್ಬ ಹುಡುಗಿ, ತಲಕಾಡಿನ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದವಳು, ‘ಮೈ ಮದರ್ ಓನ್ಲಿ ಟಾಟ್ ಮಿ’ ಎಂದು ಬರೆದಿದ್ದಳು. ಗೆರೆ ಎಳೆಯಲು ಹೋದವನು ನಿಲ್ಲಿಸಿ, ಇದನ್ನು ಕನ್ನಡದಲ್ಲಿ ಹೇಳಮ್ಮ ಎಂದೆ. “ನಮ್ಮವ್ವನೇ ಕಲಿಸಿದ್ದು, ಸಾರ್” ಎಂದಳು. ತಲೆ ಎತ್ತಿ ಹೇಳಿದಳು. ಓದು ಬಾರದ ಆ ತಾಯಿ ಮಗಳಿಗೆ ಲೆಕ್ಕ ಕಲಿಸಿದ್ದಳು. ಆ ಏಕಾರದಲ್ಲಿದ್ದದ್ದು ಹೆಮ್ಮೆ. ಅದಕ್ಕೆ ‘ಓನ್ಲಿ’ ಬೇಡ, ‘ಇಟ್ ವಾಸ್ ಮೈ ಮದರ್ ಹೂ ಟಾಟ್ ಮಿ’ ಎಂದು ಹೇಳಿಕೊಟ್ಟೆ. ಇಂಗ್ಲಿಷಿನಲ್ಲಿ ಏಕಾರದ ಬಾಬತ್ತನ್ನು ವಾಕ್ಯದ ಕಟ್ಟಡವೇ ಹೊತ್ತುಕೊಳ್ಳುತ್ತದೆ, ಎಷ್ಟೋ ಸಲ ಬರೀ ಧ್ವನಿಯ ಏರು ಹೊತ್ತುಕೊಳ್ಳುತ್ತದೆ. ಆ ಹುಡುಗಿಗೆ ಇದು ಒಂದೇ ಸಲಕ್ಕೆ ಹಿಡಿಸಿತು. ಏಕೆಂದರೆ ತನ್ನ ಮಾತಿನಲ್ಲಿ ಏನಿದೆ ಎಂದು ಅವಳಿಗೆ ಮೊದಲೇ ಗೊತ್ತಿತ್ತು.

ಅವತ್ತಿನಿಂದ ನಾನು ಕೆಂಪು ಗೆರೆ ಬಿಟ್ಟು ಒಂದೇ ಪ್ರಶ್ನೆ ಕೇಳುತ್ತಾ ಬಂದೆ: ಇದು ಯಾವ ಏ? ಹೊರಗಿಡುವ ಏಯೇ, ಗುರುತು ಹೇಳುವ ಏಯೇ, ಬೇಗ ಎನ್ನುವ ಏಯೇ, ಬೆರಗಿನ ಏಯೇ? ಹೊರಗಿಡುವುದಾದರೆ ‘ಓನ್ಲಿ’ ಬರೆಯಿರಿ, ಅದನ್ನು ಇಂಗ್ಲಿಷಿನವರು ಇಡುವ ಕಡೆ ಇಡಿ. ಉಳಿದದ್ದಕ್ಕೆ ಬೇರೆ ದಾರಿ ಹುಡುಕೋಣ. ಮನೆಯಲ್ಲಿ, ಗೆಳೆಯರಲ್ಲಿ ‘ಹಿಯರ್ ಓನ್ಲಿ’ ಎಂದು ಆಡಿದರೆ ನನ್ನ ಆಕ್ಷೇಪವಿಲ್ಲ, ಅದು ನಮ್ಮ ಇಂಗ್ಲಿಷ್. ಕಾಗದದ ಆ ಬದಿಯಲ್ಲಿ ಕೂತವನು ನಮ್ಮವನಲ್ಲ ಎಂದಾಗ ಮಾತ್ರ ಎಚ್ಚರ ಬೇಕು.

ದೊಡ್ಡಪ್ಪನ ಅರ್ಜಿಯ ಕಾರ್ಬನ್ ಪ್ರತಿ ಇನ್ನೂ ನನ್ನ ಟ್ರಂಕಿನಲ್ಲಿದೆ. ಶಾಯಿ ನೀಲಿಯಿಂದ ಬೂದಿಗೆ ತಿರುಗಿದೆ, ‘ಓನ್ಲಿ’ಯ ಕೆಳಗಿನ ಗೆರೆ ಮಾತ್ರ ಒತ್ತಿ ಎಳೆದದ್ದರಿಂದ ಇನ್ನೂ ಕಾಣುತ್ತದೆ. ಇಂಗ್ಲಿಷಿನಲ್ಲೇ ಬರೆಯುವುದಾಗಿದ್ದರೆ ‘ರಜೆ ಕಳೆದು ಕಚೇರಿ ತೆರೆದ ಮೊದಲ ಗಳಿಗೆಗೆ ಬಂದು ತಿಳಿಸಿದ್ದೇವೆ’ ಎಂದು ಬಿಡಿಸಿ ಬರೆಯಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಇಂಗ್ಲಿಷಿನಲ್ಲಿ ಬರೆಯಬೇಕಾದ ಅಗತ್ಯವೇ ಇರಲಿಲ್ಲ. ಕನ್ನಡವನ್ನು ಈ ರಾಜ್ಯದ ಆಡಳಿತ ಭಾಷೆಯೆಂದು ಸಾರಿದ ಅಧಿನಿಯಮ 1963ರಷ್ಟು ಹಳೆಯದು. ಕನ್ನಡದ ಅರ್ಜಿಯನ್ನು ಓದಿಸಿಕೊಳ್ಳುವ ಹೊಣೆ ಆ ಮೇಜಿನದಾಗಿತ್ತು. ಬಿ.ಎ. ಓದಿದ ನನಗೆ ಅದು ತೋಚಲಿಲ್ಲ, ದೊಡ್ಡಪ್ಪನಿಗೆ ಅದನ್ನು ಹೇಳುವವರು ಯಾರೂ ಇರಲಿಲ್ಲ.

ಈ ಉಪನ್ಯಾಸಕ್ಕೆಂದು ಆ ಪ್ರತಿಯನ್ನು ಹೊರತೆಗೆದಾಗ ಅದರ ಕೆಳಗೆ ಖಾಲಿ ಜಾಗ ಕಂಡಿತು. ಪೆನ್ನು ತೆಗೆದುಕೊಂಡು, ಜಗಲಿಯ ಮೇಲೆ ಕೂತು ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದೆ. ಸೋಮಾರವೇಯ ಯೋಳಿದ್ದೀವಿ.